ಹಸಿವಾಯಿತು, ಸಾಕು, ಒಂದಕ್ಕೆ ಹೋಗಬೇಕು: ಮಗುವೇ ಹೇಳಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗನವಾಡಿಗೋ ಎಲ್‌ಕೆಜಿಗೋ ಹೋಗುವ ವಯಸ್ಸಿನ ಮಕ್ಕಳ ಬಗ್ಗೆ. ಊಟ, ಉಚ್ಚೆ, ಕಕ್ಕ, ನಿದ್ದೆ, ನೀರು. ಬರೆದವರೆಲ್ಲ ಕೇಳಿರುವುದು ಮಗುವಿನ ಕೈಲಿ ಇವನ್ನೆಲ್ಲ ಹೇಗೆ ಮಾಡಿಸುವುದು ಎಂದು. ನನ್ನ ಉತ್ತರಗಳು ಸ್ವಲ್ಪ ಬೇರೆ ದಾರಿ ಹಿಡಿದಿವೆ. ಹಸಿವು, ಅವಸರ, ದಣಿವು ಮಗುವಿನ ಒಳಗೇ ಏಳುತ್ತವೆ. ಅವನ್ನು ಗುರುತಿಸಿ, ಬಾಯಿಬಿಟ್ಟು ಹೇಳಿ, ತಾನೇ ಎದ್ದು ಹೋಗುವ ಅಭ್ಯಾಸಕ್ಕೆ ದೊಡ್ಡವರು ಎಡೆಮಾಡಿಕೊಡಬೇಕು.

ಪ್ರಶ್ನೆ: ಮಗಳಿಗೆ 4 ವರ್ಷ, ಎಲ್‌ಕೆಜಿ. ಬೆಳಿಗ್ಗೆ ಎಂಟೂವರೆಗೆ ಹೋದವಳು ಮಧ್ಯಾಹ್ನ ಒಂದಕ್ಕೆ ಬರುವವರೆಗೂ ಉಚ್ಚೆ ಮಾಡುವುದಿಲ್ಲ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಚಡ್ಡಿ ಒದ್ದೆ. "ಬಂತಾ?" ಎಂದು ಕೇಳಿದರೆ ಯಾವಾಗಲೂ "ಇಲ್ಲ" ಎನ್ನುತ್ತಾಳೆ. ಈ ವರ್ಷ ಎರಡು ಸಲ ಮೂತ್ರದ ಸೋಂಕು ಬಂದಿದೆ. ಹಟವೇ ಇದು?
— ತಾಯಿ, ತುಮಕೂರು

ಉತ್ತರ: ಹಟವಲ್ಲ. ಅವಳನ್ನು ದಯವಿಟ್ಟು ಬೈಯಬೇಡಿ. ನಾಲ್ಕು ವರ್ಷದ ಮಗುವಿನ ಮೂತ್ರಕೋಶ ಸುಮಾರು 180 ಮಿಲಿ ಹಿಡಿಯುತ್ತದೆ, ಅಂದರೆ ಒಂದು ಸಣ್ಣ ಲೋಟದಷ್ಟು. (ಮಗುವಿನ ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ.) ಈ ವಯಸ್ಸಿನಲ್ಲಿ ದಿನಕ್ಕೆ ನಾಲ್ಕರಿಂದ ಏಳು ಸಲ ಮೂತ್ರಕ್ಕೆ ಹೋಗುವುದು ಸಹಜ. ನಾಲ್ಕೂವರೆ ಗಂಟೆ ತಡೆದುಕೊಳ್ಳುವುದು ಅವಳ ದೇಹಕ್ಕೆ ಭಾರಿ ಕೆಲಸ. ಹಾಗೆ ತಡೆದು ತಡೆದು ಅಭ್ಯಾಸವಾದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದನ್ನೂ ಮರೆಯುತ್ತದೆ. ಉಳಿದ ಮೂತ್ರದಲ್ಲಿ ರೋಗಾಣು ಬೆಳೆಯುತ್ತವೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾದ್ದರಿಂದ ಅವರಿಗೆ ಸೋಂಕು ಇನ್ನೂ ಸುಲಭ.

ಅವಳು "ಇಲ್ಲ" ಎನ್ನುವುದು ಸುಳ್ಳಲ್ಲ. ಆಟದಲ್ಲಿ ಮುಳುಗಿದ ಮಗುವಿಗೆ ಒಳಗಿನ ಒತ್ತಡ ಅರಿವಿಗೆ ಬರುವುದೇ ಕೊನೆಯ ಗಳಿಗೆಯಲ್ಲಿ. ದೇಹ ಮಾತ್ರ ಮೊದಲೇ ಸುಳಿವು ಕೊಟ್ಟಿರುತ್ತದೆ: ಕಾಲು ಹೆಣೆದುಕೊಳ್ಳುವುದು, ಕುಣಿಯುವುದು, ಫ್ರಾಕ್ ಮುದುಡಿ ಹಿಡಿಯುವುದು, ಇದ್ದಕ್ಕಿದ್ದಂತೆ ಕುಕ್ಕರುಗಾಲಲ್ಲಿ ಕೂತು ಹಿಮ್ಮಡಿಯನ್ನು ಒತ್ತಿಕೊಳ್ಳುವುದು. ನಿಮಗೆ ಕಾಣುವುದು ಅವಳಿಗೆ ಕಾಣುವುದಿಲ್ಲ. ಆದ್ದರಿಂದ "ಬಂತಾ?" ಎಂಬ ಪ್ರಶ್ನೆ ಬಿಟ್ಟು, ಕಂಡದ್ದನ್ನು ಹೇಳಿ. "ನಿನ್ನ ಕಾಲು ಕುಣೀತಾ ಇದೆ ಪುಟ್ಟಿ, ಹೊಟ್ಟೆ ಕೆಳಗೆ ಬಿಗಿ ಅನ್ನಿಸ್ತಿದೆಯಾ? ಕೈಯಿಟ್ಟು ನೋಡು." ಹೋಗಿ ಬಂದ ಮೇಲೆ ಇನ್ನೊಂದು ಮಾತು: "ಈಗ ಹಗುರ ಆಯ್ತಾ?" ಬಿಗಿಯಾದಾಗ ಹೇಗಿತ್ತು, ಹಗುರವಾದಾಗ ಹೇಗಿದೆ ಎಂದು ಮಗು ಹೋಲಿಸಿ ನೋಡಿಕೊಳ್ಳುವುದು ಆಗಲೇ. ನೀವೂ ಕತೆ ಹೇಳುತ್ತಿರುವಾಗ "ತಾಳು, ನನಗೂ ಅವಸರ, ಹೋಗಿ ಬಂದು ಮುಂದಿನದು ಹೇಳ್ತೀನಿ" ಎಂದು ಎದ್ದು ಹೋಗಿ. ಎದ್ದು ಹೋದರೂ ಆಟ ಅಲ್ಲೇ ಇರುತ್ತದೆ, ಕತೆ ಮುಗಿದುಹೋಗುವುದಿಲ್ಲ ಎಂಬ ಧೈರ್ಯ ಅವಳಿಗೆ ಬೇಕು.

ಇನ್ನು ಶಾಲೆ. ನಾಳೆಯೇ ಹೋಗಿ ಅಲ್ಲಿನ ಶೌಚಾಲಯವನ್ನು ನೀವೇ ನೋಡಿ. ಚಿಲಕ ಅವಳ ಕೈಗೆ ಎಟುಕುತ್ತದೆಯೆ? ಒಳಗೆ ಬೆಳಕಿದೆಯೆ, ಕೊಳಾಯಿಯಲ್ಲಿ ನೀರು ಬರುತ್ತದೆಯೆ? ಮನೆಯಲ್ಲಿ ಕಮೋಡ್ ಇದ್ದು ಶಾಲೆಯಲ್ಲಿ ಇಂಡಿಯನ್ ಶೈಲಿಯದಿದ್ದರೆ (ಅಥವಾ ಅದರ ತಿರುವುಮುರುವು) ಎಷ್ಟೋ ಮಕ್ಕಳು ಹೆದರಿ ಒಳಗೇ ಹೋಗುವುದಿಲ್ಲ. ಸಮವಸ್ತ್ರದ ಒಳಗೆ ಬಿಗಿಯಾದ ಲೆಗ್ಗಿಂಗ್ಸ್ ಹಾಕಿ ಕಳಿಸುತ್ತಿದ್ದರೆ ನಿಲ್ಲಿಸಿ, ಅವಳೇ ಜಾರಿಸಿ ಏರಿಸಿಕೊಳ್ಳಬಲ್ಲ ಸಡಿಲ ಎಲಾಸ್ಟಿಕ್ಕಿನ ಚಡ್ಡಿ ಸಾಕು. ಟೀಚರ್ ಜೊತೆ ಮಾತಾಡಿ: ಕಿರುಬೆರಳು ಎತ್ತಿದರೆ ಸಾಕು, ಕೇಳದೆ ಎದ್ದು ಹೋಗಲು ಬಿಡಬೇಕು. "ಈಗ ತಾನೇ ಹೋಗಿದ್ದೆಯಲ್ಲ, ಕೂತ್ಕೋ" ಎಂಬ ಒಂದು ಮಾತು, ಇಡೀ ತರಗತಿಯ ಮುಂದೆ ಹೇಳಿದ್ದು, ಸಂಕೋಚದ ಮಗುವನ್ನು ವರ್ಷವಿಡೀ ಕಟ್ಟಿಹಾಕುತ್ತದೆ. ಇದನ್ನು ಶಿಸ್ತು ಎಂದು ತಿಳಿದಿರುವ ಶಾಲೆಗಳಿಗೆ ವೈದ್ಯೆಯಾಗಿ ನನ್ನ ವಿನಂತಿ: ನಾಲ್ಕು ವರ್ಷದ ಮಗುವಿನ ಮೂತ್ರಕ್ಕೆ ಪರ್ಮಿಷನ್ ಪದ್ಧತಿ ಬೇಡ.

ಎರಡು ಸಲ ಸೋಂಕಾಗಿರುವುದರಿಂದ ಅವಳಿಗೆ ಸ್ವಲ್ಪ ಹೆಚ್ಚಿನ ಆರೈಕೆ ಬೇಕು. ಕೆಲವು ವಾರ ಗಡಿಯಾರ ನೋಡಿ ಎರಡೆರಡು ಗಂಟೆಗೊಮ್ಮೆ ಕರೆದೊಯ್ಯಿರಿ, ಕಾಲು ನೇತಾಡದಂತೆ ಕೆಳಗೆ ಮಣೆ ಇಡಿ, ಅವಸರಪಡಿಸಬೇಡಿ. ಅವಳೇ ಹೇಳತೊಡಗಿದಂತೆ ಗಡಿಯಾರ ನೋಡಿ ಕರೆದೊಯ್ಯುವುದನ್ನು ಬಿಡುತ್ತ ಬನ್ನಿ. ಮಲಬದ್ಧತೆ ಇದೆಯೇ ನೋಡಿಕೊಳ್ಳಿ, ಏಕೆಂದರೆ ತುಂಬಿದ ಮಲಾಶಯ ಮೂತ್ರಕೋಶವನ್ನು ಒತ್ತುತ್ತದೆ. ಮತ್ತೆ ಜ್ವರವೋ ಉರಿಮೂತ್ರವೋ ಬಂದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮುನ್ನವೇ ಮೂತ್ರದ ಕಲ್ಚರ್‌ಗೆ ಕೊಡಿ. ಮೂತ್ರಪಿಂಡದ ಅಲ್ಟ್ರಾಸೌಂಡ್ ಆಗಿಲ್ಲದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಿ.

ಪ್ರಶ್ನೆ: ಮೊಮ್ಮಗನಿಗೆ ಮೂರೂವರೆ ವರ್ಷ. ಮೊಬೈಲ್ ಹಚ್ಚದಿದ್ದರೆ ಬಾಯಿ ತೆರೆಯುವುದಿಲ್ಲ. ಒಂದು ಬಟ್ಟಲು ಅನ್ನ ತಿನ್ನಿಸಲು ಒಂದು ಗಂಟೆ ಬೇಕು, ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಾನೆ. ಸೊಸೆ "ಬೇಡ ಅಂದರೆ ಬಿಡಿ ಅತ್ತೆ" ಎನ್ನುತ್ತಾಳೆ. ಹಾಗೆ ಬಿಟ್ಟರೆ ಮಗು ಸೊರಗುವುದಿಲ್ಲವೇ?
— ಅಜ್ಜಿ, ಹಾಸನ

ಉತ್ತರ: ಅಮ್ಮ, ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ಮೊದಲು ಅವನ ತೂಕ ನೋಡಿ. ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ಗೆರೆ ಅಥವಾ ಅಂಗನವಾಡಿಯ ಪಟ್ಟಿ ಸಾಕು. ಹುಟ್ಟಿದಾಗ 3 ಕಿಲೋ ಇದ್ದ ಕೂಸು ಮೊದಲ ಹುಟ್ಟುಹಬ್ಬಕ್ಕೆ 9 ಕಿಲೋ ಆಗುತ್ತದೆ. ಆದರೆ ಎರಡರಿಂದ ಐದು ವರ್ಷದವರೆಗೆ ವರ್ಷಕ್ಕೆ ಏರುವುದು ಸುಮಾರು 2 ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಅಜ್ಜಿಯರು ಗಾಬರಿಯಾಗುವುದು ಸರಿಯಾಗಿ ಈ ವಯಸ್ಸಿನಲ್ಲೇ.

ಈ ಮಕ್ಕಳು ಒಂದು ಹೊತ್ತು ಮೂರು ತುತ್ತು ತಿಂದು, ಇನ್ನೊಂದು ಹೊತ್ತು ಎರಡು ದೋಸೆ ಕೇಳುತ್ತಾರೆ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡರಿಂದ ಐದು ವರ್ಷದ ಮಕ್ಕಳು ಒಂದೊಂದು ಊಟದಲ್ಲಿ ತಿಂದದ್ದು ತೀರಾ ಏರುಪೇರಾಗಿದ್ದರೂ ಇಡೀ ದಿನದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣಕ್ಕೆ ಬಂದು ನಿಂತಿತ್ತು. ಅದೇ ಬರ್ಚ್ ಭಾಗಿಯಾದ 2000ದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮೂರು ವರ್ಷದವರಿಗೆ ತಟ್ಟೆ ತುಂಬ ಬಡಿಸಿದರೂ ಹಸಿವಿದ್ದಷ್ಟೇ ತಿಂದರು. ಐದು ವರ್ಷದವರು ಮಾತ್ರ ಹೆಚ್ಚು ಬಡಿಸಿದಂತೆಲ್ಲ ಹೆಚ್ಚು ತಿಂದರು. ಎರಡೇ ವರ್ಷದ ಅಂತರದಲ್ಲಿ ಹೊಟ್ಟೆಯ ಮಾತಿಗಿಂತ ತಟ್ಟೆಯ ಮಾತು ದೊಡ್ಡದಾಗಿಬಿಡುತ್ತದೆ. ನಿಮ್ಮ ಮೊಮ್ಮಗ ಆ ಹೊಸ್ತಿಲಲ್ಲಿದ್ದಾನೆ.

ಮೊಬೈಲ್ ನೋಡುತ್ತಾ ತಿಂದ ಮಗುವಿಗೆ ಯಾವಾಗ ಹೊಟ್ಟೆ ತುಂಬಿತು ಎಂದು ತಿಳಿಯುವುದೇ ಇಲ್ಲ. ಕೆನ್ನೆಯಲ್ಲಿ ನಿಂತ ತುತ್ತು, ಪಕ್ಕಕ್ಕೆ ತಿರುಗಿದ ಮುಖ, ಅನ್ನ ಕಲಸಿ ಆಡುವ ಬೆರಳು ಇವೆಲ್ಲ "ಸಾಕು" ಎಂಬ ಮಾತೇ. ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಕೆಲಸವನ್ನು ಚೆನ್ನಾಗಿ ಹಂಚಿಕೊಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು. ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನದು.

ಹಾಗಾಗಿ ನಿಮ್ಮ ಸೊಸೆ ಹೇಳುವುದು ಅರ್ಧ ಸರಿ. ಬೇಡವೆಂದಾಗ ಬಿಡಬೇಕು, ಆದರೆ ಅರ್ಧ ಗಂಟೆಗೇ ಬಿಸ್ಕತ್ತಿನ ಪೊಟ್ಟಣ ಬಿಚ್ಚಬಾರದು. ಎರಡು ತಿನಿಸಿನ ನಡುವೆ ಎರಡೂವರೆ, ಮೂರು ಗಂಟೆ ಬಿಡುವಿರಲಿ, ಆ ಹೊತ್ತಿನಲ್ಲಿ ನೀರು ಮಾತ್ರ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಅದಕ್ಕಿಂತ ಹೆಚ್ಚು ಕುಡಿದ ಮಕ್ಕಳಿಗೆ ಅನ್ನ ಸೇರುವುದಿಲ್ಲ, ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾಗುತ್ತದೆ. ಎಲ್ಲರ ಜೊತೆ ಕೂರಿಸಿ, ಸಣ್ಣ ತಟ್ಟೆಯಲ್ಲಿ ನಿಮ್ಮ ಲೆಕ್ಕಕ್ಕಿಂತ ಅರ್ಧ ಬಡಿಸಿ. ಇನ್ನಷ್ಟು ಬೇಕೆಂದು ಕೇಳುವ ಅವಕಾಶ ಅವನಿಗಿರಲಿ. ಅರ್ಧ ಗಂಟೆ ದಾಟಿದರೆ ಬೈಗುಳವಿಲ್ಲದೆ ತಟ್ಟೆ ಎತ್ತಿಡಿ. ಮೊದಲ ವಾರ ಕಡಿಮೆ ತಿನ್ನುತ್ತಾನೆ, ಅಳುತ್ತಾನೆ ಕೂಡ. ಕೈತುತ್ತು ಬಿಡಬೇಕಿಲ್ಲ. ಮೊಸರನ್ನದ ತುತ್ತು ಹಿಡಿದು ಅವನು ಬಾಯಿ ತೆರೆಯುವವರೆಗೆ ಕಾಯಿರಿ, ತುಟಿಗೆ ಒತ್ತಬೇಡಿ. ತೂಕ ಏರದೆ ನಿಂತಿದ್ದರೆ, ಗಟ್ಟಿ ತುತ್ತಿಗೆಲ್ಲ ಓಕರಿಸಿದರೆ, ಮುಖ ಬಿಳಿಚಿಕೊಂಡಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಮೂರು ವರ್ಷದ ಮಗ ಉಚ್ಚೆಗೆ ಬಾತ್‌ರೂಮಿಗೆ ಹೋಗುತ್ತಾನೆ. ಕಕ್ಕ ಬಂದರೆ ಮಾತ್ರ ಡೈಪರ್ ಕೇಳಿ ಪರದೆ ಹಿಂದೆ ನಿಲ್ಲುತ್ತಾನೆ. ಮೂರು ನಾಲ್ಕು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುತ್ತದೆ. ತುದಿಗಾಲಲ್ಲಿ ನಿಂತು ಮುಖ ಕೆಂಪಾಗಿಸಿಕೊಂಡು ಮುಕ್ಕರಿಯುತ್ತಾನೆ, ಪಾಪ.
— ತಂದೆ, ಹುಬ್ಬಳ್ಳಿ

ಉತ್ತರ: ಪರದೆ ಹುಡುಕುತ್ತಾನೆಂದರೆ ಬರುತ್ತಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದು ಒಳ್ಳೆಯ ಸುದ್ದಿ. ತುದಿಗಾಲಲ್ಲಿ ಸೆಟೆದು ನಿಲ್ಲುವುದು ಮುಕ್ಕರಿಯುವುದಲ್ಲ, ತಡೆಯುವುದು. ಹಿಂದೆಂದೋ ಗಟ್ಟಿ ಮಲ ನೋಯಿಸಿರಬೇಕು, ಆ ನೋವಿನ ಹೆದರಿಕೆಗೆ ಬಿಗಿಹಿಡಿಯುತ್ತಾನೆ. ಒಳಗೆ ಉಳಿದಷ್ಟೂ ಮಲದ ನೀರು ಹೀರಿಹೋಗಿ ಇನ್ನೂ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮಲಾಶಯ ಹಳೆಯ ಎಲಾಸ್ಟಿಕ್‌ನಂತೆ ಸಡಿಲಾಗಿ, ತುಂಬಿದ ಅರಿವೇ ಹೋಗುತ್ತದೆ. ಆಮೇಲೆ ಚಡ್ಡಿಗೆ ಸೋರತೊಡಗುತ್ತದೆ, ಮನೆಯವರು ಮಗುವಿಗೆ ಹೊಡೆಯತೊಡಗುತ್ತಾರೆ.

ಮೊದಲು ನೋವು ಹೋಗಬೇಕು. ಪಪ್ಪಾಯಿ, ಸೀಬೆಹಣ್ಣು, ಸೊಪ್ಪು, ನೀರು ಬೇಕು, ಆದರೆ ಈ ಹಂತದಲ್ಲಿ ಅವಷ್ಟೇ ಸಾಲವು. ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೆಲವು ತಿಂಗಳು ಕೊಡಬೇಕಾಗುತ್ತದೆ. ಅದಕ್ಕೆ ಕರುಳು ಒಗ್ಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ಎರಡು ದಿನ ಸರಿಹೋಯಿತೆಂದು ನಿಲ್ಲಿಸುವುದರಿಂದಲೇ ಮತ್ತೆ ಮರುಕಳಿಸುವುದು. ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ, ಆಗ ಐದು ನಿಮಿಷ ಕೂರಿಸಿ, ಪಾದಕ್ಕೆ ಆಸರೆ ಕೊಟ್ಟು. ಡೈಪರನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ. ಡೈಪರ್ ಹಾಕಿಯೇ ಪರದೆಯ ಬದಲು ಬಾತ್‌ರೂಮಿನೊಳಗೆ ನಿಲ್ಲಲಿ, ಆಮೇಲೆ ಹಾಗೆಯೇ ಕಮೋಡಿನ ಮೇಲೆ ಕೂರಲಿ, ಬಿಚ್ಚುವುದು ಕೊನೆಗೆ.

ಪ್ರಶ್ನೆ: ಮಡಿಕೇರಿಯ ಚಳಿಯಲ್ಲೂ ಐದು ವರ್ಷದ ಮಗಳು ಸ್ವೆಟರ್ ಬೇಡ ಎನ್ನುತ್ತಾಳೆ. ದಿನಾ ಜಗಳ.
— ತಾಯಿ, ಮಡಿಕೇರಿ

ಉತ್ತರ: ಬೆಚ್ಚಗಿನ ಕೋಣೆಯೊಳಗೆ ನಿಂತು ಕೇಳಿದರೆ ಬೇಡ ಎನ್ನದೆ ಇನ್ನೇನು? ಸ್ವೆಟರನ್ನು ಕೈಯಲ್ಲಿ ಹಿಡಿದು ಅವಳ ಜೊತೆ ಜಗಲಿಗೆ ಬನ್ನಿ, ಎರಡು ನಿಮಿಷ ನಿಲ್ಲಿ. "ಕೈ ಹೇಗಿದೆ, ಮೂಗಿನ ತುದಿ ಹೇಗಿದೆ?" ಎಂದು ಕೇಳಿ, ಆಮೇಲೆ ಅವಳೇ ಹೇಳಲಿ. ನೆಗಡಿ ಬರುವುದು ವೈರಸ್‌ನಿಂದ, ಎರಡು ನಿಮಿಷದ ಚಳಿಯಿಂದಲ್ಲ.

ಪ್ರಶ್ನೆ: ನನ್ನ ಕೇಂದ್ರಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬರುತ್ತಾರೆ. ಬೇಸಿಗೆಯಲ್ಲಿ ನೀರು ಕುಡಿ ಎಂದು ಒಬ್ಬೊಬ್ಬರಿಗೂ ಹೇಳುತ್ತ ಕೂರಲು ಆಗುವುದಿಲ್ಲ. ಏನು ಮಾಡಲಿ?
— ಅಂಗನವಾಡಿ ಕಾರ್ಯಕರ್ತೆ, ರಾಯಚೂರು

ಉತ್ತರ: 1975ರಲ್ಲಿ ತಿ. ನರಸೀಪುರದಲ್ಲಿ ಶುರುವಾದ ಅಂಗನವಾಡಿ ನಮ್ಮ ರಾಜ್ಯದ ಎಷ್ಟು ಮಕ್ಕಳನ್ನು ಕಾದಿದೆ ಎಂಬುದನ್ನು ಬಲ್ಲವಳು ನಾನು. ನಿಮ್ಮ ಕೈಗೆ ಇನ್ನೊಂದು ಕೆಲಸ ಸೇರಿಸುವ ಮನಸ್ಸಿಲ್ಲ, ಕಡಿಮೆ ಮಾಡೋಣ. ನೀರಿನ ಪಾತ್ರೆಯನ್ನು ಕಟ್ಟೆಯಿಂದ ಇಳಿಸಿ ಮಕ್ಕಳ ಎದೆಮಟ್ಟದಲ್ಲಿ ಇಡಿ. ಕೆಳಗೆ ನಲ್ಲಿ ಇರುವ ಪಾತ್ರೆಯಾದರೆ ಒಳ್ಳೆಯದು. ಪಕ್ಕದಲ್ಲಿ ಸಣ್ಣ ಸ್ಟೀಲ್ ಲೋಟಗಳು. ಚೆಲ್ಲುತ್ತಾರೆ, ಒರೆಸುವ ಬಟ್ಟೆಯನ್ನೂ ಅಲ್ಲೇ ಇಡಿ, ಅವರೇ ಒರೆಸಲಿ. ಎಟುಕುವ ನೀರನ್ನು ಮಗು ಕೇಳದೆಯೇ ಕುಡಿಯುತ್ತದೆ. ರಾಯಚೂರಿನ ಬಿಸಿಲಲ್ಲಿ ಬಾಯಾರಿಕೆಯೊಂದನ್ನೇ ನಂಬುವಂತಿಲ್ಲ, ಆಟಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಎಲ್ಲರೂ ಒಟ್ಟಿಗೆ ಕುಡಿಯುವ ರೂಢಿ ಇರಲಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದು ಮಕ್ಕಳಿಗೂ ಹೇಳಿಕೊಡಿ, ಅವರು ನಿಮಗೆ ಬಂದು ವರದಿ ಒಪ್ಪಿಸುತ್ತಾರೆ.

ಒಂದು ಆಟ. ಎಲ್ಲರೂ ಅಂಗಳದಲ್ಲಿ ಓಡಿ ಬಂದು ಎದೆ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲಬೇಕು. ಬಡಿತ ಕೇಳಬೇಕು. ಮತ್ತೆ ಕೂತು, ಅದು ನಿಧಾನವಾಗುವುದನ್ನು ಕಾಯಬೇಕು. ಆಮೇಲೆ ಕೇಳಿ: ಬಾಯಿ ಒಣಗಿದೆಯಾ, ಹೊಟ್ಟೆ ಖಾಲಿ ಇದೆಯಾ, ಕಣ್ಣು ಎಳೆಯುತ್ತಿದೆಯಾ? ಒಳಗಿನ ಸುದ್ದಿಗೆ ಕಿವಿಗೊಡುವುದನ್ನು ಮಕ್ಕಳು ಇಷ್ಟಪಟ್ಟು ಕಲಿಯುತ್ತಾರೆ. ಊಟದ ಮೇಲೆ ನಿದ್ದೆ ಬಾರದ ಮಗುವನ್ನು ಕಣ್ಣು ಮುಚ್ಚು ಎಂದು ಗದರಿಸಬೇಡಿ. ಮೂರು, ನಾಲ್ಕು ವರ್ಷದವರಿಗೆ ದಿನಕ್ಕೆ ಹಗಲು, ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವರು ಅಷ್ಟನ್ನೂ ರಾತ್ರಿಯೇ ಮುಗಿಸಿರುತ್ತಾರೆ. ಅಂಥವರು ಚಾಪೆಯ ಮೇಲೆ ಚಿತ್ರ ಬರೆಯಲಿ.

ಪ್ರಶ್ನೆ: ಐದು ವರ್ಷದ ಮಗ ವರ್ಷದ ಹಿಂದೆಯೇ ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ. ಈಗ ಎರಡು ವಾರದಿಂದ ದಿನಾ ಒದ್ದೆ. ರಾತ್ರಿ ಎದ್ದು ನೀರು ಕೇಳುತ್ತಾನೆ. ತಂಗಿ ಹುಟ್ಟಿದ ಹೊಟ್ಟೆಕಿಚ್ಚು ಎನ್ನುತ್ತಾರೆ ಮನೆಯವರು.
— ತಂದೆ, ಮಂಗಳೂರು

ಉತ್ತರ: ನಿಮಗೆ ನೇರವಾಗಿ ಆಗಲೇ ತಿಳಿಸಿದ್ದೇನೆ. ಇತರ ತಂದೆತಾಯಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಐದು ವರ್ಷದವರೆಗೆ ರಾತ್ರಿ ಹಾಸಿಗೆ ಒದ್ದೆಯಾಗುವುದು ರೋಗವಲ್ಲ. ಐದರ ವಯಸ್ಸಿನಲ್ಲೂ ನೂರಕ್ಕೆ ಸುಮಾರು 15 ಮಕ್ಕಳು ಒದ್ದೆ ಮಾಡುತ್ತಾರೆ. ಹೊಸ ಕೂಸು ಬಂದಾಗ, ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡುವುದೂ ಉಂಟು. ಆದರೆ ಜೊತೆಗೆ ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಇಳಿಯುತ್ತಿರುವ ತೂಕ ಇದ್ದರೆ ಅದು ಟೈಪ್ 1 ಮಧುಮೇಹದ ಲಕ್ಷಣ. ಆಗ ಮನಸ್ಸಿನ ಕಾರಣ ಹುಡುಕುತ್ತ ಕೂರಬಾರದು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಅದನ್ನು ಅಂದೇ ಮಾಡಿಸಿ, ಬೆಳಗಿನ ಖಾಲಿ ಹೊಟ್ಟೆಗೆ ಕಾಯಬೇಕಿಲ್ಲ. ಒದ್ದೆ ಮಾಡುತ್ತಾನೆಂದು ನೀರು ತಡೆಯಬೇಡಿ, ಅವನ ಬಾಯಾರಿಕೆ ನಿಜವಾದದ್ದು. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ರಾತ್ರಿಯಾದರೂ ಸರಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೊರಡಿ.