ಬೀಳದ ರೋಮ್‌ನಲ್ಲಿ ಒಂದು ಬೆಳಗು

ಈ ಆಟಕ್ಕೆ ಮೊದಲ ಸಲ ಬಂದು ಕೂತವರು ಬೋರ್ಡ್ ಎಲ್ಲಿ, ಕಾಯಿ ಎಲ್ಲಿ ಎಂದು ಮೇಜಿನ ಮೇಲೆಲ್ಲ ಕಣ್ಣಾಡಿಸುತ್ತಾರೆ. ಎರಡೂ ಇರುವುದಿಲ್ಲ. ಇರುವುದು ಪೆನ್ಸಿಲ್, ಒಂದಿಷ್ಟು ಹಾಳೆ, ನಾಲ್ಕಾರು ದಾಳ. ಕಥೆಯ ಲೋಕವನ್ನು ಒಬ್ಬರು ನಡೆಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತೇವೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಹತ್ತುತ್ತದೆ. ಅಲ್ಲಿ ಪ್ರಸಂಗ ಗೊತ್ತಿರುತ್ತದೆ, ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಇಲ್ಲಿ ಪ್ರಸಂಗ ಎಲ್ಲಿ ಮುಗಿಯುತ್ತದೆ ಎನ್ನುವುದೂ ಯಾರಿಗೂ ಗೊತ್ತಿರುವುದಿಲ್ಲ. ಪಾತ್ರ ಕೈಹಾಕಿದ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳಿಸುತ್ತೇವೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದ ಮೇಲೆ ಈ ಬಗೆಯ ಆಟಗಳು ಹಬ್ಬಿದವು. ಅದರಲ್ಲಿ ಬಳಸುವ ಇಪ್ಪತ್ತು ಮುಖದ ದಾಳ ನೋಡಿ ಹೊಸಬರು ಬೆರಗಾಗುತ್ತಾರೆ. ಆದರೆ ಗ್ರೀಕ್ ಅಕ್ಷರ ಕೆತ್ತಿದ ಇಪ್ಪತ್ತು ಮುಖದ ದಾಳಗಳು ಪ್ರಾಚೀನ ಈಜಿಪ್ಟಿನಲ್ಲೇ ಇದ್ದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥವನ್ನು ಇಟ್ಟಿದ್ದಾರೆ.

ನಾನು ನಡೆಸುವ ಆಟ ಬೀಳದ ರೋಮ್‌ನಲ್ಲಿ ನಡೆಯುವ ಸೈಬರ್‌ಪಂಕ್ ಕಥೆ. ಮೊದಲು ಸೈಬರ್‌ಪಂಕ್ ಎಂದರೇನು ನೋಡೋಣ. ವಿಲಿಯಂ ಗಿಬ್ಸನ್ 1984ರಲ್ಲಿ ಬರೆದ 'ನ್ಯೂರೋಮ್ಯಾನ್ಸರ್' ಕಾದಂಬರಿ ಈ ಪ್ರಕಾರಕ್ಕೆ ಗಟ್ಟಿ ರೂಪ ಕೊಟ್ಟಿತು. 1988ರಲ್ಲಿ ಮೈಕ್ ಪಾಂಡ್‌ಸ್ಮಿತ್ ಈ ಪ್ರಕಾರವನ್ನು ಆಟದ ಮೇಜಿಗೆ ತಂದರು. ಯಂತ್ರಗಳು ಮೈಯೊಳಕ್ಕೇ ಇಳಿದಿರುವ ಕಾಲ, ಆದರೂ ಜನರ ಬದುಕು ಹಸನಾಗಿಲ್ಲ. ಎಲ್ಲ ಬಲವೂ ಕೆಲವೇ ದೊಡ್ಡವರ ಕೈಯಲ್ಲಿ. ಸಾಲ ತೀರಿಸದಿದ್ದರೆ ಹಾಕಿಸಿಕೊಂಡ ಕೃತಕ ಕೈಯನ್ನೇ ಬಿಚ್ಚಿಕೊಂಡು ಹೋಗುವ ಲೋಕ ಎಂದುಕೊಳ್ಳಿ.

ಇದಕ್ಕೂ ರೋಮ್‌ಗೂ ಏನು ನಂಟು? ಹೊಸಬರು ಸಾಮಾನ್ಯವಾಗಿ ವೇಷದಿಂದ ಶುರು ಮಾಡುತ್ತಾರೆ. ಟೋಗಾ ಉಟ್ಟ ಹ್ಯಾಕರ್, ನಿಯಾನ್ ದೀಪ ಹಾಕಿದ ಕೊಲೋಸಿಯಂ. ನೋಡಲು ಚೆನ್ನ, ಎರಡು ಗಂಟೆಯಲ್ಲಿ ಸಪ್ಪೆಯಾಗುತ್ತದೆ. ವೇಷ ಬಿಟ್ಟು ವ್ಯವಸ್ಥೆಯನ್ನು ಹಿಡಿಯಿರಿ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ರೋಮಿನ ಸಮಾಜ ನಡೆಯುತ್ತಿದ್ದ ರೀತಿಯಲ್ಲೇ ಸೈಬರ್‌ಪಂಕ್‌ನ ಅರ್ಧ ಸಾಮಾನು ಸಿದ್ಧವಾಗಿ ಬಿದ್ದಿದೆ.

ಮೊದಲು ಕವಲು. ಚರಿತ್ರೆ ಎಲ್ಲಿ ಬೇರೆ ದಾರಿ ಹಿಡಿಯಿತು ಎಂದು ಗಟ್ಟಿ ಮಾಡಿಕೊಳ್ಳಬೇಕು. 'ಹೀಗಾಗಿದ್ದರೆ?' ಎಂಬ ಪ್ರಶ್ನೆ ಹೊಸದೇನಲ್ಲ. ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿ ರೋಮ್ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ರೋಮಿನ ಇತಿಹಾಸಕಾರ ಲಿವಿಯೇ ಪುಟಗಟ್ಟಲೆ ಯೋಚಿಸಿದ್ದಾನೆ. ಬೀಳದ ರೋಮ್ ಕುರಿತು ರಾಬರ್ಟ್ ಸಿಲ್ವರ್‌ಬರ್ಗ್ 'ರೋಮಾ ಇಟರ್ನಾ' ಎಂಬ ಕಥಾಸರಣಿಯನ್ನೇ ಬರೆದರು. ಆದರೆ 'ಬೀಳುವುದು' ಎಂದರೇನು? ಪಶ್ಚಿಮದಲ್ಲಿ ಒಡೊಅಸರ್ ಎಂಬ ದಂಡನಾಯಕ ಬಾಲ ಚಕ್ರವರ್ತಿ ರೊಮ್ಯುಲಸ್ ಅಗಸ್ಟುಲಸ್‌ನನ್ನು ಇಳಿಸಿದ್ದು 476ರಲ್ಲಿ. ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಜನ 1453ರವರೆಗೂ ತಮ್ಮನ್ನು ರೋಮನ್ನರು ಎಂದೇ ಕರೆದುಕೊಂಡರು. ಹಾಗಾಗಿ ಯುದ್ಧ ಗೆಲ್ಲಿಸಿದರೆ ಸಾಲದು. ಸಾಮ್ರಾಜ್ಯದ ಸ್ವಭಾವ ಎಲ್ಲಿ ಬದಲಾಯಿತು ಎಂದು ಹುಡುಕಬೇಕು.

ನಾನು ಆರಿಸಿಕೊಂಡ ಕವಲು ಚಿಕ್ಕದು. 69ರಿಂದ 79ರವರೆಗೆ ಆಳಿದ ವೆಸ್ಪೇಸಿಯನ್ ಬಳಿಗೆ ಒಬ್ಬ ಕುಶಲಕರ್ಮಿ ಬಂದು, ದೊಡ್ಡ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯ ತನ್ನ ಬಳಿ ಇದೆ ಎಂದನಂತೆ. ಚಕ್ರವರ್ತಿ ಅವನಿಗೆ ಒಳ್ಳೆಯ ಇನಾಮು ಕೊಟ್ಟ, ಉಪಾಯವನ್ನು ಮಾತ್ರ ಒಲ್ಲೆ ಎಂದ. ಬಡಜನರ ಹೊಟ್ಟೆ ತುಂಬಿಸುವ ಕೆಲಸ ತಪ್ಪಿಹೋಗಬಾರದು ಎಂಬುದು ಅವನ ಕಾರಣ. ಈ ಪ್ರಸಂಗವನ್ನು ಬರೆದಿಟ್ಟವನು ಸ್ಯುಟೋನಿಯಸ್. ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬಾತ ಉಗಿಯ ಬಲದಿಂದ ಗಿರಗಿರ ತಿರುಗುವ ಗೋಳವನ್ನೂ, ನಾಣ್ಯ ಹಾಕಿದರೆ ದೇವಸ್ಥಾನದ ನೀರು ಬಿಡುವ ಪೆಟ್ಟಿಗೆಯನ್ನೂ ವಿವರಿಸಿದ್ದ. ನನ್ನ ಆಟದಲ್ಲಿ ವೆಸ್ಪೇಸಿಯನ್ 'ಹೂಂ' ಎನ್ನುತ್ತಾನೆ. ಮಿಕ್ಕಿದ್ದೆಲ್ಲ ಅಲ್ಲಿಂದ. ನಮ್ಮ ಆಟದ ಇಸವಿ 2800. ರೋಮ್ ನಗರ ಹುಟ್ಟಿತೆಂದು ನಂಬುವ ಕ್ರಿ.ಪೂ. 753ರಿಂದ ಎಣಿಸಿದರೆ ಅದು ನಮ್ಮ 2047.

ಇಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಯಂತ್ರ ಬಂದರೆ ಗುಲಾಮಗಿರಿ ತಾನಾಗಿ ಹೋಗುವುದಿಲ್ಲವೇ? ಹಾಗೆ ನಂಬಲು ನನಗೂ ಆಸೆ. ಆದರೆ 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ ಮೇಲೆ ಅಮೆರಿಕದ ದಕ್ಷಿಣದಲ್ಲಿ ಗುಲಾಮರ ಬೇಡಿಕೆ ಏರಿತು. ಯಂತ್ರ ಬೀಜ ಬಿಡಿಸಿತು. ಹೊಲದಲ್ಲಿ ಹತ್ತಿ ಕೀಳಲು ಕೈಗಳು ಇನ್ನೂ ಹೆಚ್ಚು ಬೇಕಾದವು. ಆದ್ದರಿಂದ ನನ್ನ ರೋಮ್‌ನಲ್ಲಿ ಸರಪಳಿ ಹೋಗಿಲ್ಲ, ತೆಳ್ಳಗಾಗಿದೆ.

ನಿಜವಾದ ರೋಮ್‌ನಲ್ಲಿ, ನಾಲ್ಕು ಐದನೆಯ ಶತಮಾನಗಳ ಹೊತ್ತಿಗೆ, ಓಡಿಹೋಗಬಹುದಾದ ಗುಲಾಮರ ಕತ್ತಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ರೋಮಿನ ಮ್ಯೂಸಿಯಂನಲ್ಲಿರುವ ಒಂದು ಪಟ್ಟಿಯಿಂದ ಕಂಚಿನ ಬಿಲ್ಲೆ ತೂಗುತ್ತದೆ. ಅದರ ಮೇಲಿನ ಬರಹ ಪಟ್ಟಿ ತೊಟ್ಟವನೇ ಮಾತಾಡಿದಂತೆ ಇದೆ: ನಾನು ಓಡಿಬಂದಿದ್ದೇನೆ, ಹಿಡಿಯಿರಿ, ಯಜಮಾನ ಜೋನಿನಸ್‌ಗೆ ಒಪ್ಪಿಸಿದರೆ ನಿಮಗೊಂದು ಚಿನ್ನದ ನಾಣ್ಯ ಸಿಗುತ್ತದೆ ಎಂಬರ್ಥ. ತನ್ನನ್ನು ಹಿಡಿದುಕೊಡಿ ಎಂದು ತಾನೇ ಸಾರುತ್ತಾ ತಿರುಗಬೇಕು. ಈ ಪಟ್ಟಿಯನ್ನು ಚರ್ಮದಡಿಯ ಚಿಪ್ ಮಾಡಿದರೆ ಸಾಕು, ಬೇರೆ ಏನನ್ನೂ ಕಲ್ಪಿಸಬೇಕಿಲ್ಲ.

ಇನ್ನೊಂದು ವ್ಯವಸ್ಥೆ ಒಡೆಯ ಮತ್ತು ಆಶ್ರಿತರದು. ಬೆಳಕು ಹರಿಯುವ ಮೊದಲೇ ಆಶ್ರಿತರು ಒಡೆಯನ ಮನೆ ಬಾಗಿಲಲ್ಲಿ ಸಾಲು ನಿಲ್ಲಬೇಕು. ನಮಸ್ಕಾರ ಹೇಳಬೇಕು, ಆ ದಿನದ ಊಟದ ಬುಟ್ಟಿಯನ್ನೋ ಚಿಲ್ಲರೆಯನ್ನೋ ಪಡೆಯಬೇಕು, ಬೀದಿಯಲ್ಲಿ ಅವನ ಹಿಂದೆ ನಡೆಯಬೇಕು. ಕೋರ್ಟಿನಲ್ಲಿ ಕಷ್ಟ ಬಂದರೆ ಅವನೇ ದಿಕ್ಕು. ಗುಲಾಮ ಬಿಡುಗಡೆಯಾದರೂ ಹಳೆಯ ಯಜಮಾನನ ಮನೆತನದ ಹೆಸರನ್ನೇ ಹೊತ್ತು, ಅವನ ಆಶ್ರಿತನಾಗಿಯೇ ಉಳಿಯುತ್ತಿದ್ದ. ಸೈಬರ್‌ಪಂಕ್‌ನ ದೈತ್ಯ ಕಂಪನಿಯ ಜಾಗದಲ್ಲಿ ಈ ಒಡೆಯನ ಮನೆತನವನ್ನು ಕೂರಿಸಿ ನೋಡಿ. ಕಂಪನಿ ಮುಖವಿಲ್ಲದ್ದು. ಒಡೆಯನಾದರೋ ನಿಮ್ಮ ಮಗುವಿನ ಜ್ವರ ವಿಚಾರಿಸುತ್ತಾನೆ. ಅದು ಇನ್ನೂ ಬಿಡಿಸಿಕೊಳ್ಳಲಾಗದ ಹಿಡಿತ. ಅದಕ್ಕೇ ಪಾತ್ರದ ಹಾಳೆಯಲ್ಲಿ ಶಕ್ತಿ, ಚುರುಕು, ಬುದ್ಧಿಗಳ ಅಂಕ ಬರೆಯುವ ಮೊದಲು ಒಂದೇ ಸಾಲು ತುಂಬಿಸುತ್ತೇನೆ: ನಿನ್ನ ಒಡೆಯ ಯಾರು, ಅವನಿಗೆ ನೀನು ಏನು ಬಾಕಿ?

ಮನೆ, ಅನ್ನ ಇವನ್ನೂ ಅಲ್ಲಿಂದಲೇ ಎತ್ತಿಕೊಳ್ಳಿ. ಬಡವರು ವಾಸಿಸುತ್ತಿದ್ದ ಬಹುಮಹಡಿ ಕಟ್ಟಡಗಳು ಕುಸಿಯುತ್ತವೆ, ಅವಕ್ಕೆ ಬೆಂಕಿ ಹತ್ತುತ್ತದೆ ಎಂದು ಚಕ್ರವರ್ತಿ ಅಗಸ್ಟಸ್ ಎತ್ತರಕ್ಕೆ 70 ರೋಮನ್ ಅಡಿಯ ಮಿತಿ ಹಾಕಿದ್ದ. ಅವನ ಕಾಲದಲ್ಲಿ ಸುಮಾರು 2 ಲಕ್ಷ ನಾಗರಿಕರಿಗೆ ಪುಕ್ಕಟೆ ಧಾನ್ಯ ಸಿಗುತ್ತಿತ್ತು. ಆ ಪಟ್ಟಿಯಿಂದ ಯಾರದೋ ಹೆಸರು ಅಳಿಸಿಹೋಗಿದೆ ಎಂಬುದೊಂದೇ ಒಂದು ಸಂಜೆಯ ಆಟಕ್ಕೆ ಸಾಕು.

ನಮ್ಮ ಕಡೆಯ ಪಾತ್ರ ಬೇಕು ಎನ್ನುವವರಿಗೆ ಧಾರಾಳವಾಗಿ ದಾರಿ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕ್ಯಾರಿಟಿಯನ್ ಎಂಬ ಹೆಣ್ಣನ್ನು ಅವಳ ಕಡೆಯವರು ರಾಜನಿಗೆ ಹೆಂಡ ಕುಡಿಸಿ ಪಾರುಮಾಡುವ ಕಥೆ. ರಾಜನ ಕಡೆಯವರಾಡುವ ಮಾತುಗಳು ಕನ್ನಡ ಎಂದು ಕೆಲವು ವಿದ್ವಾಂಸರು ವಾದಿಸಿದರು, ಮತ್ತೆ ಕೆಲವರು ಒಪ್ಪಲಿಲ್ಲ. ಮೆಣಸಿನ ಹಡಗಿನಲ್ಲಿ ಬಂದು ಅಲೆಕ್ಸಾಂಡ್ರಿಯದಲ್ಲಿ ದುಭಾಷಿಯಾದ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳಲು ಇಷ್ಟು ಬೇಕಾದಷ್ಟಾಯಿತು.

ಹೋದ ವರ್ಷ ನನ್ನ ಮೇಜಿಗೆ ಬಂದ ಒಬ್ಬ ವಿದ್ಯಾರ್ಥಿನಿ ಬಿಡುಗಡೆಯಾದ ಗುಲಾಮಳ ಪಾತ್ರ ಆರಿಸಿಕೊಂಡಳು. ಬೆಳಗಿನ ನಮಸ್ಕಾರದ ಸಾಲಿನಿಂದ ಆಟ ಶುರು. ಒಡೆಯನ ಪಾತ್ರದಲ್ಲಿ ನಾನು, ಓಡಿಹೋದ ಹುಡುಗನೊಬ್ಬನ ಚಿಪ್‌ನ ಜಾಡು ಹಿಡಿದು ಅವನನ್ನು ಕರೆತಾ ಎಂದೆ. ಅವಳು ದಾಳ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನನ್ನ ಚಿಪ್‌ನಲ್ಲಿ ಏನಂತ ಬರೆದಿತ್ತು?" ಎಂದು ಕೇಳಿದಳು. ನಾನು ಅದನ್ನು ಯೋಚಿಸಿರಲಿಲ್ಲ. ನೀನೇ ಬರಿ ಎಂದು ಹಾಳೆ ಕೊಟ್ಟೆ. ಉಳಿದವರು ಮಾತು ನಿಲ್ಲಿಸಿ ಕಾದರು. ಅವಳು ಒಡೆಯನ ಹೆಸರು ಬರೆದಳು, ಮನೆಯ ಗುರುತು ಬರೆದಳು, ಇನಾಮಿನ ಜಾಗ ಖಾಲಿ ಬಿಟ್ಟು ಹಾಳೆಯನ್ನು ನನ್ನ ಕಡೆ ತಳ್ಳಿದಳು.