ಎಂಟನೇ ಒಂದು ವಿಮಾನ, ಪೂರ್ತಿ ಖರ್ಚು

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆಗೆ ಸೇರಿಸಿಕೊಂಡು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯೇ ಇವತ್ತಿನ ಎಚ್‌ಎಎಲ್. ಅದು ಜೋಡಿಸಿ ಹಾರಿಸಿದ ಮೊದಲ ಯುದ್ಧವಿಮಾನ ಅಮೆರಿಕದ ಕರ್ಟಿಸ್ ಹಾಕ್. ಹಾರಿದ್ದು 1942ರ ಜುಲೈನಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 37 ಅಡಿ 4 ಅಂಗುಲ. ಎಂಟರಿಂದ ಭಾಗಿಸಿದರೆ ಸರಿಯಾಗಿ 56 ಅಂಗುಲ, ಕಾರಿನ ಹಿಂದಿನ ಸೀಟು ಮಡಚಿದರೆ ಹಿಡಿಸುತ್ತದೆ. ರೇಡಿಯೊ ಕಂಟ್ರೋಲಿನಲ್ಲಿ ಹಾರುವಂಥ ಒಂದು ಹಾಕ್ ಕಟ್ಟೋಣ ಎನ್ನಿಸಿದ್ದಕ್ಕೆ ಊರಿನ ಅಭಿಮಾನ ಎಷ್ಟು ಕಾರಣವೋ ಈ ಭಾಗಾಕಾರವೂ ಅಷ್ಟೇ ಕಾರಣ.

ನಕ್ಷೆ ಅಗ್ಗ. ಕೈ ಸುಡುವುದು ಬಾಲ್ಸಾ ಮರ. ಜಗತ್ತಿಗೆಲ್ಲ ಅದು ಹೆಚ್ಚಾಗಿ ಬರುವುದು ಈಕ್ವೆಡಾರಿನಿಂದ. ಗಾಳಿಯಂತ್ರದ ರೆಕ್ಕೆಗಳ ಒಳಗೂ ಅದನ್ನೇ ತುಂಬುತ್ತಾರೆ. 2020ರ ಸುಮಾರಿಗೆ ಚೀನಾದ ಗಾಳಿ ವಿದ್ಯುತ್ ಉದ್ಯಮ ಮುಗಿಬಿದ್ದು ಕೊಂಡದ್ದರಿಂದ ಬೆಲೆ ನೆಗೆಯಿತು. ಅದೇ ವರ್ಷದ ಬಜೆಟ್ಟು ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು, 2023ರದ್ದು ಶೇ 70ಕ್ಕೆ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳು ಗೊಂಬೆಗಳ ಜೊತೆಗೇ ಕೂತಿವೆ. (ತಲೆ ನರೆತವರ ಆಟಿಕೆಗೆ ಬೇರೆ ಸಾಲಿಲ್ಲ.) ಹಾಗಾಗಿ ಅಂಗಡಿಯ ವಿದೇಶಿ ಕಿಟ್ ಬಿಟ್ಟು, ಬಾಲ್ಸಾ ಹಾಳೆ ಕೊಂಡು, ನಾಮಫಲಕ ಮಾಡುವವರ ಲೇಸರ್ ಯಂತ್ರದಲ್ಲಿ ರಿಬ್‌ಗಳನ್ನು ಕತ್ತರಿಸಿಕೊಂಡೆ.

ಲೆಕ್ಕದ ಪುಸ್ತಕದಲ್ಲಿ ಎರಡು ಕಲಂ ಮಾಡಿದ್ದೇನೆ. ವಿಮಾನ ನೆಲಕ್ಕೆ ಬಡಿದ ಮೇಲೂ ಉಳಿಯುವವು ಎಡಕ್ಕೆ: ಟ್ರಾನ್ಸ್‌ಮಿಟರ್, ಚಾರ್ಜರ್, ಅದೃಷ್ಟವಿದ್ದರೆ ಮೋಟರ್. ಕಸವಾಗುವವು ಬಲಕ್ಕೆ: ಬಾಲ್ಸಾ, ಹೊದಿಕೆ ಫಿಲಂ, ಗೋಂದು, ಬಣ್ಣ. ಟ್ರಾನ್ಸ್‌ಮಿಟರಿಗೆ 14 ಸಾವಿರ ಕೊಟ್ಟಾಗ ಕೈ ನಡುಗಲಿಲ್ಲ, ಅದು ಮುಂದಿನ ನಾಲ್ಕಾರು ವಿಮಾನಗಳಿಗೆ ಹಂಚಿಹೋಗುತ್ತದೆ. ಬಲಗಡೆಯ 9 ಸಾವಿರವನ್ನು ಸಿನಿಮಾ ಟಿಕೆಟ್ಟಿನ ಹಾಗೆ ಅವತ್ತೇ ಖರ್ಚು ಬರೆದುಬಿಟ್ಟೆ. "ಇದನ್ನ ಮಾರಿದ್ರೆ ಎಷ್ಟು ಬರತ್ತೆ ರೀ?" ಎಂದು ಮನೆಯಾಕೆ ಕೇಳಿದಾಗ, "ಬಲಗಡೇದು ಸೊನ್ನೆ" ಎಂದು ಹೇಳಿಯೇ ಕೆಲಸ ಶುರುಮಾಡಿದ್ದು. ಇಎಂಐ ಅಂತೂ ಕೂಡದು. ರಾಗಿ ಹೊಲದಲ್ಲಿ ಮೂತಿ ಊರಿದ ವಿಮಾನಕ್ಕೆ ತಿಂಗಳುಗಟ್ಟಲೆ ಕಂತು ಕಟ್ಟಿದವರನ್ನು ಕಂಡಿದ್ದೇನೆ.

ತೂಕವೂ ದುಡ್ಡೇ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಸಮತೋಲಕ್ಕೆಂದು ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾಗುತ್ತದೆ. ಆಮೇಲೆ ಮೋಟರೂ ದೊಡ್ಡದು, ಬ್ಯಾಟರಿಯೂ ದೊಡ್ಡದು.

ಯೋಚನೆಗೆ ಹಚ್ಚಿದ್ದು ಚಕ್ರದ ಕಾಲುಗಳು. ಹಾಕ್‌ನ ಕಾಲು ಹಿಂದಕ್ಕೆ ಮಡಚಿಕೊಳ್ಳುತ್ತಲೇ 90 ಡಿಗ್ರಿ ತಿರುಗಿ, ಚಕ್ರ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತದೆ. ನೋಡಲು ಬಲು ಸೊಗಸು. ಹಾಗೆ ತಿರುಗಿ ಮಡಚುವ ಪುಟ್ಟ ಕಾಲಿನ (ರಿಟ್ರ್ಯಾಕ್ಟ್) ಒಂದು ಜೋಡಿಗೆ 11 ಸಾವಿರ ಕೇಳಿದರು, ಅಂದರೆ ಬಲ ಕಲಮ್ಮಿನ ಒಟ್ಟು ಮೊತ್ತಕ್ಕಿಂತ ಹೆಚ್ಚು. ಹುಲ್ಲಿನ ಮೇಲೆ ಕೊಂಚ ಗಡುಸಾಗಿ ಇಳಿದರೂ ಮೊದಲು ಬಾಗುವುದು ಅದರ ಪಿನ್ನೇ, ಹಾಗಾಗಿ ಎಡ ಕಲಮ್ಮಿಗೂ ಸೇರದ ಆಸ್ತಿ. ದಾರಿ ತೋರಿಸಿದ್ದು ಕರ್ಟಿಸ್ ಕಂಪನಿಯೇ. 1930ರ ದಶಕದ ಕೊನೆಯಲ್ಲಿ ಅದು ಚೀನಾ, ಸಿಯಾಂ, ಅರ್ಜೆಂಟೀನಾಗಳಿಗೆ ಮಾರಿದ ಸರಳ ಹಾಕ್‌ಗಳ ಕಾಲು ಮಡಚುತ್ತಿರಲಿಲ್ಲ. "ಬೆಂಗಳೂರಿಂದಕ್ಕೆ ಮಡಚೋ ಕಾಲಿತ್ತಲ್ರೀ" ಎಂದು ಕ್ಲಬ್ಬಿನ ಹಿರಿಯರೊಬ್ಬರು ಮುಖ ಸಿಂಡರಿಸಿದರು. ಇತ್ತು, ಒಪ್ಪಿದೆ. ಉಳಿದ ದುಡ್ಡಿಗೆ ಎರಡು ಹೆಚ್ಚುವರಿ ಬ್ಯಾಟರಿ ಬಂದವು. ನನ್ನ ಹಾಕ್ ಈಗ ಬಾಲಕ್ಕೆ ಅರ್ಜೆಂಟೀನಾದ ನೀಲಿ-ಬಿಳಿ ಪಟ್ಟೆ ಬಳಿದುಕೊಂಡಿದೆ. ಆ ಎರಡು ಡಬ್ಬಿ ಬಣ್ಣ ಬಲ ಕಲಮ್ಮಿಗೆ ಹೋಯಿತು.