ತಟ್ಟೆ ಇಡ್ಲಿ ಅಂಗಡಿಗೆ ಜಿಎಸ್‌ಟಿ ಯಾವಾಗ?

ಬಿಡದಿಯಲ್ಲಿ ಹಳೇ ಮೈಸೂರು ರಸ್ತೆಯ ಪಕ್ಕ ಒಂದು ತಟ್ಟೆ ಇಡ್ಲಿ ಅಂಗಡಿ ಹಾಕಿದ್ದೀರಿ ಎಂದುಕೊಳ್ಳಿ. ಒಲೆ ಹಚ್ಚಿ ನಾಲ್ಕು ತಿಂಗಳಾಗಿದೆ, ಬೆಳಗಿನ ಗಿರಾಕಿಗಳು ಕುದುರಿದ್ದಾರೆ. ಅಷ್ಟರಲ್ಲಿ ಒಬ್ಬರು ಬಂದು ‘ಜಿಎಸ್‌ಟಿ ಮಾಡಿಸಿದ್ರಾ ಅಣ್ಣ?’ ಎನ್ನುತ್ತಾರೆ. ಪಕ್ಕದಂಗಡಿಯವರು ‘ಅದೆಲ್ಲ ದೊಡ್ಡವರಿಗೆ ಬಿಡಿ’ ಎನ್ನುತ್ತಾರೆ. ಇವರಿಬ್ಬರನ್ನೂ ನಂಬಬೇಡಿ. ನೋಂದಣಿಯ ದಿನವನ್ನು ಹೇಳುವುದು ನಿಮ್ಮ ಗಲ್ಲಾದ ಪಕ್ಕ ಇರಬೇಕಾದ ಲೆಕ್ಕದ ಪುಸ್ತಕ ಮಾತ್ರ.

ಹೆಜ್ಜೆ 1: ದಿನದ ಮಾರಾಟ ಬರೆದಿಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ರಾತ್ರಿ ಬಾಗಿಲು ಹಾಕುವ ಮುನ್ನ ಒಂದು ಸಾಲು ಬರೆಯಿರಿ: ತಾರೀಖು, ನಗದು, ಫೋನ್‌ಪೇ-ಗೂಗಲ್‌ಪೇಗೆ ಬಂದದ್ದು, ಎರಡರ ಮೊತ್ತ. ಕೊನೆಯಲ್ಲಿ ಏಪ್ರಿಲ್ 1ರಿಂದ ಇವತ್ತಿನವರೆಗಿನ ಒಟ್ಟು. ಈ ಕೊನೆಯ ಅಂಕಿಯೇ ಮುಖ್ಯ.

ವಹಿವಾಟು ಎಂದರೆ ಮಾರಾಟ, ಲಾಭ ಅಲ್ಲ. ಅಕ್ಕಿ, ಉದ್ದಿನಬೇಳೆ, ಸಿಲಿಂಡರ್, ಹುಡುಗರ ಸಂಬಳ ಯಾವುದನ್ನೂ ಇದರಲ್ಲಿ ಕಳೆಯುವ ಹಾಗಿಲ್ಲ. ‘ಕೈಯಲ್ಲಿ ಏನೂ ಉಳಿಯಲ್ಲ, ನಮಗೆಂಥ ಟ್ಯಾಕ್ಸು’ ಎಂದು ಕೂತವರೇ ಆಮೇಲೆ ಕಷ್ಟಕ್ಕೆ ಸಿಕ್ಕಿದ್ದಾರೆ.

ಅಂಗಡಿಯ ಕ್ಯೂಆರ್‌ಗೆ ಬೇರೆಯೇ ಖಾತೆ ಇಟ್ಟುಕೊಳ್ಳಿ. ಚೀಟಿ ದುಡ್ಡು, ಬಾಮೈದ ತೀರಿಸಿದ ಕೈಸಾಲ, ಮನೆಯವರು ಕಳಿಸಿದ್ದು ಯಾವುದೂ ಅದಕ್ಕೆ ಬರಬಾರದು. ಇದನ್ನು ಒತ್ತಿ ಹೇಳಲು ಕಾರಣವಿದೆ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷದ ನೋಟಿಸ್ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನಲ್ಲಿ ಅಂಗಡಿಯವರು ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬೋರ್ಡ್ ಹಾಕಿದರು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕಾದವರು ಆಗಲೇಬೇಕು ಎಂದರು. ಕ್ಯೂಆರ್ ಕಿತ್ತರೂ ಉಪಯೋಗವಿಲ್ಲ, ನಗದೂ ವಹಿವಾಟೇ. ಇಂಥ ನೋಟಿಸಿಗೆ ಧೈರ್ಯವಾಗಿ ಉತ್ತರ ಕೊಡಲು ಆಗುವುದು ದಿನದಿನದ ಪುಸ್ತಕ ಇದ್ದವರಿಗೆ.

ಹೆಜ್ಜೆ 2: ನಿಮ್ಮ ಮಿತಿ 20 ಲಕ್ಷವೋ 40 ಲಕ್ಷವೋ ತಿಳಿದುಕೊಳ್ಳಿ

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ. ಇದು 2019ರ ಏಪ್ರಿಲ್ 1ರಿಂದ ಬಂದದ್ದು. ಸೇವೆ ಕೊಡುವವರಿಗೆ 20 ಲಕ್ಷ. ಹೋಟೆಲ್ ಊಟ-ತಿಂಡಿ ಕಾನೂನಿನ ಕಣ್ಣಲ್ಲಿ ಸೇವೆ, ಹಾಗಾಗಿ ಇಡ್ಲಿ ಅಂಗಡಿಯ ಮಿತಿ 20 ಲಕ್ಷ. ದಿನಕ್ಕೆ ಹಂಚಿ ನೋಡಿ: ವರ್ಷವಿಡೀ ತೆರೆದಿದ್ದರೆ ಸುಮಾರು 5,500 ರೂಪಾಯಿ. ನಡೆಯುವ ಇಡ್ಲಿ ಅಂಗಡಿಗೆ ಇದೇನೂ ದೊಡ್ಡ ಮೊತ್ತ ಅಲ್ಲ.

ಎಡವುವುದು ಮಿಶ್ರ ವ್ಯಾಪಾರದವರು. ಮೊಬೈಲ್ ಮಾರುತ್ತಾ ರಿಪೇರಿಯನ್ನೂ ಮಾಡುವ ಅಂಗಡಿಗೆ ರಿಪೇರಿ ಸೇವೆಯಾದ್ದರಿಂದ ಒಟ್ಟಿಗೆ 20 ಲಕ್ಷವೇ ಮಿತಿ. ಸಿಗರೇಟ್, ಪಾನ್ ಮಸಾಲ, ಐಸ್‌ಕ್ರೀಮ್ ಮಾರುವವರಿಗೂ 40 ಲಕ್ಷದ ಅನುಕೂಲ ಇಲ್ಲ. ನಮ್ಮ ಕಡೆಯ ಎಷ್ಟೋ ಕಾಂಡಿಮೆಂಟ್ಸ್ ಅಂಗಡಿಗಳು ಇದನ್ನು ಗಮನಿಸಿಯೇ ಇಲ್ಲ.

ಹಾಲು, ತರಕಾರಿ, ಎಳನೀರಿನಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ರಾಮನಗರದ ಮಾರುಕಟ್ಟೆಗೆ ತಮ್ಮ ಹೊಲದ ರೇಷ್ಮೆಗೂಡು ತರುವ ರೈತರಿಗೂ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತೂ ಮಾರಿದರೆ ಹಾಲಿನ ದುಡ್ಡೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತಿಗೆ.

ಲೆಕ್ಕ ಒಂದು ಪ್ಯಾನ್‌ಗೆ ಒಂದೇ. ಬಿಡದಿಯ ಅಂಗಡಿ, ಮಾಗಡಿಯ ಇನ್ನೊಂದು ಅಂಗಡಿ, ರಾಮನಗರದಲ್ಲಿ ಬಾಡಿಗೆಗೆ ಕೊಟ್ಟ ಮಳಿಗೆ, ಎಲ್ಲವನ್ನೂ ಕೂಡಿಸಿ.

ಹೆಜ್ಜೆ 3: ಮಿತಿಗೆ ಕಾಯದೆ ಮಾಡಿಸಬೇಕಾದವರು

ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಕಳಿಸುವವರು ಮೊದಲ ಮಾರಾಟಕ್ಕೇ ನೋಂದಣಿ ಮಾಡಿಸಬೇಕು. ಹೊಸೂರಿಗೆ ಹೋದ ಒಂದು ಪೆಟ್ಟಿಗೆಯೂ ಲೆಕ್ಕಕ್ಕೆ ಬರುತ್ತದೆ. ಕೈಕಸುಬಿನ ವಸ್ತುಗಳಿಗೆ ವಿನಾಯಿತಿ ಇದೆ. ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಮಾಡುವವರು 20 ಲಕ್ಷದವರೆಗೆ ನೋಂದಣಿ ಇಲ್ಲದೆ ಚೆನ್ನೈಗೂ ಕಳಿಸಬಹುದು, ಪ್ಯಾನ್ ಇರಬೇಕು, ಇ-ವೇ ಬಿಲ್ ಮಾಡಿಸಬೇಕು. ಆನ್‌ಲೈನ್ ತಾಣಗಳಲ್ಲಿ ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ಮಿತಿಯ ಅನುಕೂಲ ಸಿಕ್ಕಿದೆ. ಅದಕ್ಕೆ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಗುರುತಿನ ಸಂಖ್ಯೆ ಪಡೆಯಬೇಕು.

ಬಿಡದಿ ಕೈಗಾರಿಕಾ ಪ್ರದೇಶದ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಶೆಡ್ ನಿಮ್ಮದಾದರೆ, ವಹಿವಾಟು ಆರೇ ಲಕ್ಷ ಇದ್ದರೂ ಸ್ವಯಂ ನೋಂದಣಿ ಮಾಡಿಸಿ ಎನ್ನುತ್ತೇನೆ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಕಂಪನಿಯವರಿಗೆ ಒಳತೆರಿಗೆಯ (ಖರೀದಿಯ ಮೇಲಿನ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆಯುವ) ಲಾಭ ಸಿಗುವುದಿಲ್ಲ, ಕೆಲಸ ಬೇರೆಯವರ ಪಾಲಾಗುತ್ತದೆ.

ಹೆಜ್ಜೆ 4: ದಿನವನ್ನು ಗುರುತು ಹಾಕಿ

ದಿನಕ್ಕೆ 7,000 ರೂಪಾಯಿ ವ್ಯಾಪಾರ, ವಾರದ ರಜೆ ಇಲ್ಲ ಎಂದಿಟ್ಟುಕೊಳ್ಳಿ. ಏಪ್ರಿಲ್ 1ರಿಂದ ಕೂಡಿಸುತ್ತಾ ಹೋದರೆ ಜನವರಿ 11ರ ರಾತ್ರಿ ಒಟ್ಟು 20,02,000. ಮಿತಿ ದಾಟಿದ್ದು ಅವತ್ತು. ಅಲ್ಲಿಂದ 30 ದಿನ, ಅಂದರೆ ಫೆಬ್ರವರಿ 10ರೊಳಗೆ ಅರ್ಜಿ ಹಾಕಬೇಕು. ಮಾರ್ಚ್ ಕೊನೆಗೆ ನೋಡೋಣ ಎಂದರೆ ತಡವಾಯಿತು. ಅಂಗಡಿ ನವೆಂಬರ್‌ನಲ್ಲಿ ಶುರುವಾಗಿದ್ದರೂ ಮಾರ್ಚ್ 31ರವರೆಗೆ ಪೂರ್ತಿ 20 ಲಕ್ಷದ ಮಿತಿಯೇ ಸಿಗುತ್ತದೆ.

ಬಹಳ ಜನ ಹೆದರುವುದು ‘ಮೊದಲ 20 ಲಕ್ಷಕ್ಕೂ ತೆರಿಗೆ ಕೇಳ್ತಾರಾ’ ಎಂದು. ಕೇಳುವುದಿಲ್ಲ. ತೆರಿಗೆ ಮಿತಿ ದಾಟಿದ ಮೇಲಿನ ಮಾರಾಟಕ್ಕೆ. ಆದರೆ ಅರ್ಜಿ ತಡವಾದರೆ, ಗಿರಾಕಿಯಿಂದ ತೆಗೆದುಕೊಳ್ಳದ ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ದಂಡ ಬೇರೆ: 10 ಸಾವಿರ ಅಥವಾ ಕಟ್ಟದ ತೆರಿಗೆ, ಯಾವುದು ಹೆಚ್ಚೋ ಅದು. ಒಟ್ಟು 17 ಲಕ್ಷ ಆದಾಗಲೇ ಕಾಗದಪತ್ರ ಜೋಡಿಸಲು ಶುರು ಮಾಡಿ.

ಹೆಜ್ಜೆ 5: ಸಾಮಾನ್ಯ ಪದ್ಧತಿಯೋ, ರಾಜಿ ತೆರಿಗೆಯೋ

ಕಾಂಪೊಸಿಷನ್ ಎಂದು ಎಲ್ಲರೂ ಕರೆಯುವ ರಾಜಿ ತೆರಿಗೆ 1.5 ಕೋಟಿವರೆಗಿನವರಿಗೆ ಸಿಗುತ್ತದೆ. ಸರಕು ವ್ಯಾಪಾರಿಗೆ ಶೇ 1, ಹೋಟೆಲ್‌ಗೆ ಶೇ 5. ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುವ ಹಾಗಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರೆ ಆಯಿತು. ಕಿರಾಣಿ ಅಂಗಡಿಗೆ ಇದು ನಿಜಕ್ಕೂ ಹಗುರ.

ಇಡ್ಲಿ ಅಂಗಡಿಗೆ ಹಾಗಲ್ಲ. ಸಾಮಾನ್ಯ ಪದ್ಧತಿಯಲ್ಲೂ ಸಣ್ಣ ಹೋಟೆಲ್‌ಗೆ ದರ ಶೇ 5ರಷ್ಟೇ. ತೆರಿಗೆ ಸೇರಿಸಿ 40 ರೂಪಾಯಿಗೆ ಒಂದು ಪ್ಲೇಟ್ ಮಾರಿದರೆ ಸಾಮಾನ್ಯ ಪದ್ಧತಿಯಲ್ಲಿ 1.90 ರೂಪಾಯಿ, ರಾಜಿಯಲ್ಲಿ 2 ರೂಪಾಯಿ ಹೋಗುತ್ತದೆ. ರಾಜಿಯಲ್ಲಿ ಉಳಿಯುವುದು ದುಡ್ಡಲ್ಲ, ಕಾಗದದ ಕೆಲಸ. ಒಬ್ಬರೇ ಒಲೆ, ಗಲ್ಲಾ ಎರಡನ್ನೂ ನೋಡಿಕೊಳ್ಳುವವರಾದರೆ ಅದೂ ಕಡಿಮೆಯೇನಲ್ಲ.

ಹೆಜ್ಜೆ 6: ಅರ್ಜಿ ಹಾಕಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೊಸ ನೋಂದಣಿ ಒತ್ತಿ, ಪ್ಯಾನ್, ಮೊಬೈಲ್, ಇ-ಮೇಲ್ ಕೊಡಿ. ಒಟಿಪಿ ಆದ ಮೇಲೆ ತಾತ್ಕಾಲಿಕ ಸಂಖ್ಯೆ ಬರುತ್ತದೆ, 15 ದಿನದೊಳಗೆ ಉಳಿದ ಭಾಗ ತುಂಬಿ. ಫೋಟೊ, ಆಧಾರ್, ಅಂಗಡಿ ವಿಳಾಸದ ದಾಖಲೆ ಬೇಕು. ಬಾಡಿಗೆ ಅಂಗಡಿಯಾದರೆ ಕರಾರುಪತ್ರದ ಜೊತೆ ಮಾಲೀಕರ ಹೆಸರಿನ ಬೆಸ್ಕಾಂ ಬಿಲ್ ಅಥವಾ ಕಂದಾಯ ರಸೀದಿ, ಅಪ್ಪನ ಕಟ್ಟಡವಾದರೆ ಅವರ ಒಪ್ಪಿಗೆ ಪತ್ರ. ಪ್ಯಾನ್‌ನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ತರ ಇದೆಯೇ ಎಂದು ಮೊದಲೇ ನೋಡಿ. ಬ್ಯಾಂಕ್ ಖಾತೆಯನ್ನು ನೋಂದಣಿ ಸಿಕ್ಕ 30 ದಿನದೊಳಗೆ ಸೇರಿಸಬಹುದು.

ಸರ್ಕಾರಕ್ಕೆ ಶುಲ್ಕ ಒಂದು ರೂಪಾಯಿಯೂ ಇಲ್ಲ. ತುಂಬಿಕೊಡುವವರಿಗೆ ಕೂಲಿ ಕೊಡಿ, ‘ಗವರ್ನಮೆಂಟ್ ಫೀಸು’ ಎಂದರೆ ಕೊಡಬೇಡಿ. ಲಾಗಿನ್, ಪಾಸ್‌ವರ್ಡ್, ಮೊಬೈಲ್ ನಂಬರ್ ನಿಮ್ಮದೇ ಇರಲಿ.

ಆಧಾರ್ ದೃಢೀಕರಣ ಆಗಿದ್ದರೆ ಸಾಮಾನ್ಯವಾಗಿ 7 ಕೆಲಸದ ದಿನಗಳಲ್ಲಿ ತೀರ್ಮಾನವಾಗುತ್ತದೆ. ಅಧಿಕಾರಿ ಸ್ಪಷ್ಟನೆ ಕೇಳಿದರೆ 7 ಕೆಲಸದ ದಿನದೊಳಗೆ ಉತ್ತರಿಸಿ, ಮೇಲ್ ನೋಡದೆ ಬಿಟ್ಟು ಅರ್ಜಿ ತಿರಸ್ಕಾರ ಆಗುವುದುಂಟು.

ಹೆಜ್ಜೆ 7: ನಂಬರ್ ಬಂದ ಮೇಲೆ

ಹದಿನೈದು ಅಕ್ಷರದ ನಂಬರ್, ಮೊದಲ ಎರಡು ಅಂಕಿ ಕರ್ನಾಟಕದ 29, ಮುಂದಿನ ಹತ್ತು ನಿಮ್ಮ ಪ್ಯಾನ್. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿ, ನಂಬರನ್ನು ಹೊರಗಿನ ಬೋರ್ಡಿನಲ್ಲಿ ಬರೆಸಿ. ಸಾಮಾನ್ಯ ಪದ್ಧತಿಯ ಸರಕು ವ್ಯಾಪಾರಿಯಾದರೆ ಮಿತಿ ದಾಟಿದ ದಿನದ ಮುನ್ನಾದಿನ ಇದ್ದ ದಾಸ್ತಾನನ್ನು ಲೆಕ್ಕ ಹಾಕಿ, ಖರೀದಿ ಬಿಲ್‌ಗಳ ಸಮೇತ ಪಟ್ಟಿ ಮಾಡಿ. 30 ದಿನದೊಳಗೆ ಅರ್ಜಿ ಹಾಕಿದ್ದವರಿಗೆ ಆ ದಾಸ್ತಾನಿನ ಮೇಲೆ ಮೊದಲೇ ಕೊಟ್ಟ ತೆರಿಗೆ ಲೆಕ್ಕಕ್ಕೆ ಸಿಗುತ್ತದೆ. ಸಾಮಾನ್ಯ ಪದ್ಧತಿಯವರು ಅಂಗಡಿ ಮುಚ್ಚಿದ್ದ ತಿಂಗಳಿಗೂ ಸೊನ್ನೆ ರಿಟರ್ನ್ ಹಾಕಬೇಕು, ಮರೆತರೆ ಅದಕ್ಕೂ ದಿನಕ್ಕೆ 20 ರೂಪಾಯಿಯಂತೆ ತಡದ ಶುಲ್ಕ ಬೀಳುತ್ತದೆ.